ಹುಣಸೆಮರದ ಕೆಳಗಿಂದ ಸೋಲಿಗರ ಪೋಡಿಗೆ

ಮಕ್ಕಳಿಗೆ ಕಾಡು ತೋರಿಸುವ ಮೊದಲು ಶಾಲೆಯ ಅಂಗಳದ ಮರ ತೋರಿಸಬೇಕು ಅನ್ನುವುದು ನನ್ನ ನಂಬಿಕೆ. ಅದನ್ನೇ ಹಿಡಿದು ಹೋದ ಜೂನ್‌ನಲ್ಲಿ ಐದು ಮತ್ತು ಆರನೇ ತರಗತಿಯ ಮಕ್ಕಳ ಜೊತೆ ಕೆಲಸ ಶುರು ಮಾಡಿದೆ. ನಮ್ಮದು ಯಳಂದೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಪೂರ್ವಕ್ಕೆ ತಿರುಗಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು. ಮಕ್ಕಳು ದಿನಾ ನೋಡುವ ಬೆಟ್ಟ. ಜಾತ್ರೆಗೆ ಹೋಗಿ ರಂಗಪ್ಪನಿಗೆ ಮುಡಿ ಕೊಟ್ಟು ಬಂದವರೇ ಬಹಳ. ಆದರೆ ಆ ಕಾಡಿನಲ್ಲಿ ತಲೆತಲಾಂತರದಿಂದ ಬದುಕುತ್ತಿರುವ ಸೋಲಿಗರ ಬಗ್ಗೆ ಕೇಳಿದರೆ, "ಕಾಡು ಜನ ಮಿಸ್, ಜೇನು ಮಾರ್ತಾರೆ" ಅನ್ನುವಲ್ಲಿಗೆ ಮಾತು ನಿಂತುಬಿಡುತ್ತಿತ್ತು.

ಒಂದು ಬಸ್ಸು ಮಾಡಿ ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ ಹೋಗಿ, ಹಾಡು ಕುಣಿತ ನೋಡಿ, ಫೋಟೋ ತೆಗೆದುಕೊಂಡು ಸಂಜೆಗೆ ವಾಪಸ್ ಬರಬಹುದಿತ್ತು. ನನಗೆ ಅದು ಬೇಡವಾಗಿತ್ತು. ನೆಂಟರ ಮನೆಗೆ ಬರಿಗೈಲಿ ಹೋಗಬಾರದು ಅಂತಾರಲ್ಲ, ಹಾಗೆ ನಮ್ಮ ಮಕ್ಕಳ ಕೈಯಲ್ಲೂ ಏನಾದರೂ ಇರಬೇಕು. ತಾವೇ ನೋಡಿದ್ದು, ತಾವೇ ಬರೆದಿಟ್ಟಿದ್ದು. ಆಗ ಅವರು ಕೇಳುವ ಪ್ರಶ್ನೆಯೇ ಬೇರೆ ಆಗುತ್ತದೆ.

ಮೊದಲು ಮರ ಆರಿಸುವ ಕೆಲಸ. ಇಬ್ಬರಿಗೆ ಒಂದು ಮರ. ರಜೆಯಲ್ಲೂ ಹೋಗಿ ನೋಡುವಷ್ಟು ಹತ್ತಿರ ಇರಬೇಕು, ಅಷ್ಟೇ ನಿಯಮ. ಹುಣಸೆ, ಹೊಂಗೆ, ಬೇವು, ನೆಲ್ಲಿ, ಕಕ್ಕೆ, ಅತ್ತಿ, ಎಲ್ಲಾ ನಮ್ಮೂರಲ್ಲೇ ಸಿಕ್ಕವು. ಬರೆಯುವ ಕ್ರಮವನ್ನು ಸೀಸನ್‌ವಾಚ್ ಯೋಜನೆಯಿಂದ ತೆಗೆದುಕೊಂಡೆ. ದೇಶದ ಬೇರೆ ಬೇರೆ ಕಡೆ ಮಕ್ಕಳೂ ದೊಡ್ಡವರೂ ಒಂದೊಂದು ಮರ ಹಿಡಿದು ವಾರಕ್ಕೊಮ್ಮೆ ನೋಡಿ ಬರೆಯುವ ಯೋಜನೆ ಅದು. ಕೇರಳದ ಶಾಲೆಗಳು ಅದರಲ್ಲಿ ಬಹಳ ಮುಂದಿವೆ. ಚಿಗುರು, ಬಲಿತ ಎಲೆ, ಒಣಗಿದ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು. ಒಂದೊಂದರ ಮುಂದೆಯೂ 'ಇಲ್ಲ', 'ಸ್ವಲ್ಪ', 'ಜಾಸ್ತಿ' ಅಂತ ಬರೆಯಬೇಕು. ಎಣಿಸುವ ಗೋಜಿಲ್ಲ. ಓದು ಬರಹದಲ್ಲಿ ಹಿಂದೆ ಬಿದ್ದ ಮಗು ಕೂಡ ಸಲೀಸಾಗಿ ತುಂಬುತ್ತದೆ. ನಮ್ಮ ತರಗತಿಯಲ್ಲಿ ಅತ್ಯಂತ ನಿಖರವಾಗಿ ಬರೆದಿದ್ದು ಅಂಥ ಒಬ್ಬ ಹುಡುಗನೇ.

ಸ್ವಲ್ಪ ವಾರ ಕಳೆಯುವಷ್ಟರಲ್ಲಿ "ಏನೂ ಬದಲಾಗಿಲ್ಲ ಮಿಸ್, ಏನು ಬರೀಲಿ?" ಅನ್ನುವ ದೂರು ಬಂತು. ನಾನು ಕಾಯುತ್ತಿದ್ದುದೇ ಇದಕ್ಕೆ. ಇಡೀ ಮರ ಬಿಡಿ, ಕೈಗೆಟುಕುವ ಒಂದು ರೆಂಬೆಗೆ ಹಳೇ ಬಟ್ಟೆಯ ಚೂರು ಕಟ್ಟಿ, ಅದೊಂದನ್ನೇ ನೋಡಿ ಅಂದೆ. ಆಮೇಲೆ ಪುಟ ಸಾಲದೆ ಹೋಯಿತು. ಹೊಂಗೆ ಎಲೆಯ ಮೇಲಿನ ಗಂಟು, ಅದರೊಳಗಿನ ಹುಳು, ಕಕ್ಕೆ ಎಲೆ ತಿನ್ನುವ ಹಸಿರು ಕಂಬಳಿಹುಳು, ಅದು ಹಳದಿ ಚಿಟ್ಟೆಯಾಗಿದ್ದು. ಹುಣಸೆ ಹಿಡಿದವರಿಗೆ ಇನ್ನೊಂದು ವಿಷಯ ಹೊಳೆಯಿತು. ಜೂನ್‌ನಲ್ಲಿ ಕಂಡ ಹೂವಿನ ಕಾಯಿ ದೀಪಾವಳಿ ಕಳೆದರೂ ಹಸಿರಾಗೇ ಇತ್ತು. ಹಣ್ಣಾಗಿ ಉದುರಿಸುವ ಹೊತ್ತಿಗೆ ಶಿವರಾತ್ರಿ ಹತ್ತಿರ ಬಂದಿತ್ತು. ಮನೆಯಲ್ಲಿ ಪ್ರತಿ ವರ್ಷ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಮಕ್ಕಳೇ ಇವರು. ಆದರೂ ಒಂದು ಹಣ್ಣಿಗೆ ಅಷ್ಟು ತಿಂಗಳು ಬೇಕು ಅಂತ ಯಾರೂ ಲೆಕ್ಕ ಹಾಕಿರಲಿಲ್ಲ.

ಮರದ ಜೊತೆಗೇ ಮಳೆ. ನೇರ ಗೋಡೆಯ ಒಂದು ಡಬ್ಬ, ಒಂದು ಸ್ಕೇಲು, ಇಷ್ಟೇ ಸಾಮಾನು. ಮರದ ನೆರಳಿಲ್ಲದ ಕಡೆ ಇಟ್ಟು ಬೆಳಗ್ಗೆ ಎಂಟೂವರೆಗೆ ಅಳೆಯುವುದು. ಹವಾಮಾನ ಇಲಾಖೆಯವರು ದಿನದ ಮಳೆ ಲೆಕ್ಕ ಹಾಕುವುದೂ ಅದೇ ಹೊತ್ತಿಗೆ. ಶಾಲೆಯ ಪಕ್ಕದ ಮನೆಯ ಅಕ್ಕತಂಗಿಯರು ಈ ಕೆಲಸ ವಹಿಸಿಕೊಂಡರು. ಭಾನುವಾರ ಕೂಡ ಬಿಡಲಿಲ್ಲ.

ಅಳೆದದ್ದನ್ನು ಬರೆಯಲು ಎರಡು ಸಾಲು ಮಾಡಿದೆವು. ಒಂದರಲ್ಲಿ ತಾರೀಕು, ಇನ್ನೊಂದರಲ್ಲಿ ಮಳೆ ನಕ್ಷತ್ರ. ನಕ್ಷತ್ರದ ಸಾಲನ್ನು ನಾನು ಹೇಳಿಕೊಡಲಿಲ್ಲ. ಮನೆಯಲ್ಲಿ ತಾತನನ್ನೋ ಅಜ್ಜಿಯನ್ನೋ ಕೇಳಿಕೊಂಡು ಬನ್ನಿ ಅಂದೆ. ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ. ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಜೊತೆಗೆ ಗಾದೆಗಳೂ ಬಂದವು. "ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲಾ ಜೋಳ", "ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ". ಇಷ್ಟು ದಿನ ಶಾಲೆಯ ಕಡೆ ತಲೆ ಹಾಕದ ಹಿರಿಯರು ಗೇಟಿನ ಹತ್ತಿರ ನಿಂತು "ನೆನ್ನೆ ಎಷ್ಟಾಯ್ತು ಮೇಡಂ?" ಅಂತ ಕೇಳಲು ಶುರು ಮಾಡಿದರು.

ಇಲ್ಲಿ ಒಂದು ಸೊಗಸಾದ ತಕರಾರು ಎದ್ದಿತು. ಪಾಠದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ ಅಂತ ಇದೆ. ನಮ್ಮ ಡಬ್ಬದಲ್ಲಿ ಜೂನ್, ಜುಲೈ ಪೂರ್ತಿ ಹನಿಹನಿ. ಬೆಟ್ಟದ ಮೇಲೆ ಮೋಡ ಕವಿದಿರುತ್ತದೆ, ನಮಗೆ ಬರೀ ಗಾಳಿ. ನಿಜವಾದ ಮಳೆ ಬಂದಿದ್ದು ಉತ್ತರೆ, ಹಸ್ತ, ಚಿತ್ತೆಯಲ್ಲಿ. ಅಂದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. "ಪುಸ್ತಕ ತಪ್ಪಾ ಮಿಸ್?" ಅಂತ ಒಬ್ಬಳು ಕೇಳಿದಳು. ಪುಸ್ತಕ ಇಡೀ ದೇಶದ ಮಾತು ಹೇಳುತ್ತದೆ, ನಿಮ್ಮ ಡಬ್ಬ ನಿಮ್ಮೂರಿನ ಮಾತು ಹೇಳುತ್ತದೆ ಅಂದೆ. ನೈರುತ್ಯ ಮಾರುತದ ಮೋಡಗಳು ಪಶ್ಚಿಮ ಘಟ್ಟದಲ್ಲೇ ಹೆಚ್ಚು ಸುರಿಸಿ ಬರುತ್ತವೆ. ನಾವು ಮಳೆನೆರಳಿನ ಕಡೆ ಇದ್ದೇವೆ. ಚಾಮರಾಜನಗರ ಜಿಲ್ಲೆಗೆ ಮೇ ತಿಂಗಳಲ್ಲಿ ಒಂದು ಸುತ್ತು, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಂದು ಸುತ್ತು ಮಳೆ ಜಾಸ್ತಿ. ಮೊದಲ ಸುತ್ತಿಗೆ ಜೋಳ, ಎಳ್ಳು, ಅಲಸಂದೆ, ಆಮೇಲೆ ರಾಗಿ, ಹುರುಳಿ ಹಾಕುವುದು ಅದಕ್ಕೇ. ಇದನ್ನು ಕಪ್ಪುಹಲಗೆ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದರೆ ಮರುದಿನಕ್ಕೆ ಮರೆಯುತ್ತಿದ್ದರು. ಈಗ ಮರೆಯುವುದಿಲ್ಲ.

ಸೋಲಿಗರ ವಿಷಯ ಬಂದಿದ್ದು ಹುಣಸೆಮರದ ಕೆಳಗೆ. ಜೂನ್ ತಿಂಗಳು, ಮರದ ತುಂಬಾ ಹೂ, ಹೂವಿನ ತುಂಬಾ ಗುಂಯ್ ಅನ್ನುವ ಸದ್ದು. ಎಲ್ಲರೂ 'ಜೇನುನೊಣ' ಅಂತ ಬರೆದುಕೊಂಡರು. ಹಿಂದೆ ನಿಂತಿದ್ದ ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು, "ಎಲ್ಲಾ ಒಂದೇ ಅಲ್ಲ ಮಿಸ್. ಅದು ತುಡುವೆ. ಇದು ಚಿಕ್ಕದು, ಕಡ್ಡಿಜೇನು." ಆಮೇಲೆ ನಾವು ಕೇಳಿದ್ದಕ್ಕೆ ಇನ್ನೆರಡು ಹೆಸರು ಹೇಳಿದಳು. ಬಂಡೆಗೆ, ಎತ್ತರದ ಮರಕ್ಕೆ ಕಟ್ಟುವ ಹೆಜ್ಜೇನು. ಪೊಟರೆಯಲ್ಲಿರುವ, ಕುಟುಕದ ನಸರಿ. ಅವಳು ಸೋಲಿಗರ ಮನೆಯವಳು. ಅಪ್ಪ ಕೆಲಸಕ್ಕಾಗಿ ಕೆಳಗೆ ಬಂದು ನಮ್ಮೂರಲ್ಲಿ ನೆಲೆಸಿದ್ದಾರೆ.

ಆ ಹೊತ್ತಿನಲ್ಲಿ ಅವಳನ್ನು ಮುಂದೆ ನಿಲ್ಲಿಸಿ "ನಿಮ್ಮ ಜನರ ಬಗ್ಗೆ ಎಲ್ಲಾ ಹೇಳು" ಅನ್ನಬಾರದು. ಇದನ್ನು ಎಲ್ಲ ಶಿಕ್ಷಕರಿಗೂ ಹೇಳಬೇಕು ಅನ್ನಿಸುತ್ತದೆ. ಹತ್ತು ವರ್ಷದ ಮಗು ಒಂದು ಇಡೀ ಸಮುದಾಯದ ಪರವಾಗಿ ಉತ್ತರ ಕೊಡುವ ಭಾರ ಹೊರಬಾರದು. ಜೇನಿನ ಬಗ್ಗೆ ಗೊತ್ತಿತ್ತು, ಹೇಳಿದಳು. ಅವಳು ಹೇಳಿದ ನಾಲ್ಕು ಹೆಸರೂ ಗೋಡೆಯ ಪಟ್ಟಿಗೆ ಸೇರಿದವು. ನಾನು ಆ ವಾರವೇ ಅವಳ ಅವ್ವನನ್ನು ಹೋಗಿ ಕಂಡೆ. ಶಾಲೆಗೆ ಯಾರನ್ನಾದರೂ ಕರೆಸಬೇಕು, ಯಾರನ್ನು ಕೇಳಲಿ ಅಂದೆ. ಅವರೇ ಪೋಡಿನಲ್ಲಿರುವ ತಮ್ಮ ದೊಡ್ಡಪ್ಪನ ಹೆಸರು ಹೇಳಿದರು. "ಬರ್ತಾರೆ. ಆದ್ರೆ ಬಂದ ತಕ್ಷಣ ಕುಣೀರಿ ಅನ್ಬೇಡಿ ಮೇಡಂ" ಅಂತ ಒಂದು ಮಾತು ಸೇರಿಸಿದರು. ಎಷ್ಟು ಸಲ ಹಾಗೆ ಆಗಿರಬೇಕು ಅವರಿಗೆ.

ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಆ ತಾತನಿಗೆ ಬಸ್ ಖರ್ಚಿನ ಜೊತೆ ಗೌರವಧನವನ್ನೂ ಕೊಡಬೇಕು ಅಂತ ಕೇಳಿದೆ. ಕಂಪ್ಯೂಟರ್ ಹೇಳಿಕೊಡಲು ಬಂದವರಿಗೆ ಕೊಡುತ್ತೇವೆ, ಕಾಡು ಹೇಳಿಕೊಡಲು ಬಂದವರಿಗೆ ಯಾಕೆ ಕೊಡಬಾರದು? ಸ್ವಲ್ಪ ಮಾತುಕತೆ ನಡೆದು ಒಪ್ಪಿಗೆ ಸಿಕ್ಕಿತು.

ತಾತ ಬಂದಿದ್ದು ನವೆಂಬರ್‌ನಲ್ಲಿ, ಒಂದು ಶನಿವಾರದ ಬೆಳಗಿನ ಶಾಲೆಗೆ. ಕುರ್ಚಿ ಹಾಕಿದ್ದೆವು, ಕೂರಲಿಲ್ಲ. "ಬನ್ನಿ ಮಕ್ಳಾ, ನಿಮ್ಮ ಮರ ತೋರ್ಸಿ" ಅಂದರು. ನಾನು ಯೋಚಿಸಿಟ್ಟ ಎಲ್ಲಕ್ಕಿಂತ ಅದೇ ಒಳ್ಳೆಯ ಶುರು. ಪ್ರತಿ ಜೋಡಿಯೂ ತಮ್ಮ ಮರದ ಹತ್ತಿರ ಕರೆದುಕೊಂಡು ಹೋಗಿ ಪುಸ್ತಕ ತೆರೆದು ಓದಿ ಹೇಳಿತು. ಯಾವಾಗ ಚಿಗುರಿತು, ಯಾವಾಗ ಹೂ ಬಿಟ್ಟಿತು, ಯಾವ ಹುಳು ಬಂತು. ಅವರು ಸುಮ್ನೆ ಕೇಳಿಸಿಕೊಂಡು, ನಡುವೆ ಪ್ರಶ್ನೆ ಹಾಕಿದರು. ನೆಲ್ಲಿಮರದ ಕೆಳಗೆ ನಿಂತು "ಇದ್ರ ಕಾಯಿ ಮೊದ್ಲು ಯಾರು ತಿಂತಾರೆ?" ಅಂದರು. ನಾವು, ಅಂತ ಮಕ್ಕಳು ಕೂಗಿದರು. ಅವರು ನಕ್ಕು, ಕಾಡಿನಲ್ಲಿ ಜಿಂಕೆ, ಕಡವೆಗಳೂ ನೆಲ್ಲಿಕಾಯಿ ತಿನ್ನುತ್ತವೆ, ಅವುಗಳಿಂದಲೇ ಬೀಜ ದೂರ ಹೋಗುತ್ತದೆ ಅಂದರು. ಅದಕ್ಕೇ ಎಲ್ಲಾ ಕಾಯಿ ಬಡಿದುಕೊಳ್ಳಬಾರದು, ಅವುಕ್ಕೂ ಬಿಡಬೇಕು. ಜೇನು ತೆಗೆಯುವಾಗಲೂ ಹಾಗೇ. ನೊಣಕ್ಕೆ ಸ್ವಲ್ಪ ಉಳಿಸಬೇಕು. ಹುಲಿ ಮರ ಹತ್ತಿ ಜೇನು ಇಳಿಸುವುದಿಲ್ಲವಲ್ಲ, ಅದರ ಪಾಲು ಅಂತ ನೆಲದ ಮೇಲೂ ಒಂದಿಷ್ಟು ಇಟ್ಟು ಬರಬೇಕು. ಹುಲಿಯನ್ನು ಅವರು ಹುಲಿವೀರಪ್ಪ ಅಂತ ಪೂಜಿಸುತ್ತಾರೆ.

ಬಿಳಿಗಿರಿರಂಗನ ಕತೆ ಕೇಳಿ ಮಕ್ಕಳಿಗೆ ಖುಷಿಯೋ ಖುಷಿ. ರಂಗನಾಥಸ್ವಾಮಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದ, ಆದ್ದರಿಂದ ಅವನು ಸೋಲಿಗರಿಗೆ ಭಾವ. "ಹಂಗಾದ್ರೆ ದೇವರಿಗೇ ನೀವು ಬೀಗರು!" ಅಂತ ಒಬ್ಬ ಕೂಗಿದ. ಹಿಂದೆ ನಿಂತಿದ್ದ ಆ ಹುಡುಗಿ ಅವತ್ತು ಮುಂದಿನ ಸಾಲಿನಲ್ಲಿದ್ದಳು.

ಪೋಡಿಗೆ ಹೋಗುವ ದಿನವನ್ನು ಅವರೇ ಆರಿಸಿದರು. ಸಂಕ್ರಾಂತಿಯ ಚಿಕ್ಕ ಜಾತ್ರೆಯ ಗಲಾಟೆ ಮುಗಿಯಲಿ, ನೆಲ್ಲಿಕಾಯಿ ಕಾಲ ಇರುವಾಗಲೇ ಬನ್ನಿ ಅಂದರು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ಅನುಮತಿ, ಪೋಷಕರ ಸಹಿ, ಇವೆಲ್ಲ ಎಲ್ಲ ಕಡೆ ಇರುವುದೇ. ಇಲ್ಲಿ ಜಾಸ್ತಿ ಬೇಕಾದದ್ದು ಪೋಡಿನ ಒಪ್ಪಿಗೆ. ಹಿರಿಯರನ್ನು ಮೊದಲೇ ಹೋಗಿ ಕೇಳಿ ಬಂದೆ. ಯಾವ ಮನೆಗೆ ಹೋಗಬಹುದು, ಯಾವ ಜಾಗಕ್ಕೆ ಹೋಗಬಾರದು, ಫೋಟೋ ತೆಗೆಯಬಹುದಾ ಅಂತ. ಜನರ ಫೋಟೋ ಬೇಡ ಅಂತ ನಾವೇ ತೀರ್ಮಾನಿಸಿದೆವು. ಮಕ್ಕಳು ಚಿತ್ರ ಬರೆದುಕೊಳ್ಳಲಿ. ದೊಡ್ಡ ಸಂಪಿಗೆ ಮರ ನೋಡಬೇಕು ಅಂತ ಮಕ್ಕಳಿಗೆ ಬಹಳ ಆಸೆ ಇತ್ತು. ಭಾರ್ಗವಿ ಹೊಳೆಯ ದಡದಲ್ಲಿರುವ, ಸೋಲಿಗರು ಪೂಜಿಸುವ ಬಹಳ ಹಳೆಯ ಮರ ಅದು. ಆದರೆ ಅದು ಕಾಡಿನ ಒಳಗಿದೆ, ಅರಣ್ಯ ಇಲಾಖೆಯ ಅನುಮತಿ ಬೇಕು. ಆ ಆಸೆಯನ್ನು ಸದ್ಯಕ್ಕೆ ಬಿಟ್ಟೆವು.

ಪೋಡಿನಲ್ಲಿ ತಾತ ಮತ್ತು ಅವರ ತಂಗಿ, ಮಕ್ಕಳೆಲ್ಲ ಅಜ್ಜಿ ಅನ್ನುತ್ತಿದ್ದವರು, ನಮ್ಮನ್ನು ಕಾಫಿ ಗಿಡಗಳ ನಡುವೆ ನಡೆಸಿಕೊಂಡು ಹೋದರು. ಬೆಟ್ಟದಲ್ಲಿ ಬಹಳಷ್ಟು ಸೋಲಿಗರಿಗೆ ಸಣ್ಣ ಸಣ್ಣ ಕಾಫಿ ತೋಟಗಳಿವೆ. ದಾರಿಯ ಎರಡೂ ಕಡೆ ಲಂಟಾನ. ಬಣ್ಣಬಣ್ಣದ ಹೂ ನೋಡಿ ಮಕ್ಕಳು ಚೆನ್ನಾಗಿದೆ ಅಂದರು. ಅಜ್ಜಿ ನಿಂತುಬಿಟ್ಟರು. "ಇದು ಬಂದ್ಮೇಲೆ ಹುಲ್ಲು ಹೋಯ್ತು, ಗೆಣಸು ಹೋಯ್ತು, ನೆಲ್ಲಿ ಸಸಿ ಏಳೋದೇ ಇಲ್ಲ ಕಣ್ರವ್ವ."

ಅವರು ಹೇಳಿದ್ದು ತರಗು ಬೆಂಕಿಯ ವಿಷಯ. ಹಿಂದೆ ಜನವರಿ, ಫೆಬ್ರವರಿ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವ ಇರುವಾಗ, ಉದುರಿದ ಎಲೆಗೆ ಸಣ್ಣ ಬೆಂಕಿ ಇಡುತ್ತಿದ್ದರು. ಮೊಳಕಾಲಿನ ಎತ್ತರ ದಾಟದ ಬೆಂಕಿ. ತರಗು ಸುಡುತ್ತದೆ, ದೊಡ್ಡ ಮರಕ್ಕೆ ಏನೂ ಆಗುವುದಿಲ್ಲ. ಬೇಸಿಗೆಯಲ್ಲಿ ದೊಡ್ಡ ಕಾಳ್ಗಿಚ್ಚಿಗೆ ಉರುವಲು ಇರುವುದಿಲ್ಲ, ಲಂಟಾನ ಮೊಳಕೆ ಸಾಯುತ್ತದೆ, ಮಳೆ ಬಿದ್ದ ಮೇಲೆ ಹುಲ್ಲು ಚಿಗುರುತ್ತದೆ. 1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಬೆಂಕಿಯೂ ನಿಂತಿತು, ಕಾಡಿನೊಳಗಿನ ಬೇಸಾಯವೂ ನಿಂತಿತು, ಎಷ್ಟೋ ಪೋಡುಗಳನ್ನು ರಸ್ತೆಯ ಬದಿಗೆ ತಂದು ಕೂರಿಸಿದರು. ಸಂಶೋಧಕರು 1997ರಲ್ಲಿ ಒಮ್ಮೆ, 2008ರಲ್ಲಿ ಇನ್ನೊಮ್ಮೆ ಇಲ್ಲಿ ಅಳೆದು ನೋಡಿದಾಗ ಲಂಟಾನ ಇರುವ ಜಾಗ ಸುಮಾರು ಎರಡು ಪಟ್ಟಾಗಿತ್ತು. ಅಜ್ಜಿಯ ಮಾತೂ ಆ ಲೆಕ್ಕವೂ ಒಂದೇ ಕಡೆ ಕೈ ತೋರಿಸುತ್ತವೆ.

ನೆಲ್ಲಿಮರದ ರೆಂಬೆಗೆ ಅಂಟಿಕೊಂಡ ಬಂದಳಿಕೆಯನ್ನೂ ತೋರಿಸಿದರು. ಅವರು ಅದನ್ನು ಉಪ್ಪಿಲು ಅಂತಾರೆ. ಮರದ ರಸ ಹೀರಿ ಮರವನ್ನೇ ಸಾಯಿಸುತ್ತದೆ. ಕಾಯಿ ಕೊಯ್ಯಲು ಹತ್ತಿದವರು ಅದನ್ನು ಕಡಿದು ಹಾಕಿಯೇ ಇಳಿಯಬೇಕು. ನೆಲ್ಲಿಮರ ಹಿಡಿದಿದ್ದ ಇಬ್ಬರು ಹುಡುಗರು ತಮ್ಮ ಪುಸ್ತಕ ತೆಗೆದು, ನಮ್ಮ ಮರದಲ್ಲೂ ಒಂದು ಬೇರೆ ಥರದ ಎಲೆ ಇದೆ, ಆಗಸ್ಟ್‌ನಲ್ಲೇ ಚಿತ್ರ ಬರೆದಿದ್ದೀವಿ ಅಂತ ತೋರಿಸಿದರು. ತಾತ ಚಿತ್ರ ನೋಡಿ "ಅದೇ ಕಣಪ್ಪ" ಅಂದರು. ಆ ಹುಡುಗರ ಮುಖ ನೋಡಬೇಕಿತ್ತು! ಇಷ್ಟು ತಿಂಗಳ 'ಇಲ್ಲ, ಸ್ವಲ್ಪ, ಜಾಸ್ತಿ' ಎಲ್ಲಾ ಸಾರ್ಥಕವಾಯಿತು ಅನ್ನಿಸಿತು ನನಗೆ.

ಮಧ್ಯಾಹ್ನ ಊಟವಾದ ಮೇಲೆ ಒಂದು ದೊಡ್ಡ ಹಾಳೆಯ ಮೇಲೆ ತಾತ ತಮ್ಮ ಕುಲದ ಎಲ್ಲೆಯನ್ನು ಬರೆಸಿದರು. ಎಲ್ಲೆ ಅಂದರೆ ಆ ಕುಲಕ್ಕೆ ಸೇರಿದ ಕಾಡು. ಅದರಲ್ಲಿ ದೇವರು, ಮಾರಿ, ವೀರು ಅನ್ನುವ ಪೂಜೆಯ ಜಾಗಗಳು, ಹಿರಿಯರ ಕಲ್ಲುಗುಡಿ, ನೀರಿನ ಅಬ್ಬಿ. ಇಂಥ ನಾನೂರಕ್ಕೂ ಹೆಚ್ಚು ತಾಣಗಳನ್ನು ಸೋಲಿಗರೇ ನಡೆದು ಗುರುತು ಮಾಡಿ, ಸಂಶೋಧಕರ ಜೊತೆ ಸೇರಿ ನಕ್ಷೆ ಮಾಡಿದ್ದಾರೆ. ಹೊರಗಿನವರಿಗೆ ಖಾಲಿಯಾಗಿ ಕಾಣುವ ಕಾಡು ಅವರಿಗೆ ಮೂಲೆಮೂಲೆಯೂ ಹೆಸರಿರುವ ಊರು.

"ಅಭಯಾರಣ್ಯ ಮಾಡುವಾಗ ನಿಮ್ಮನ್ನ ಕೇಳಿದ್ರಾ ತಾತ?" ಅಂದಳು ಐದನೇ ತರಗತಿಯ ಒಬ್ಬಳು. "ಯಾರು ಕೇಳ್ತಾರೆ ಮೊಗಾ" ಅಂದರು. ಅಲ್ಲಿಗೇ ನಿಲ್ಲಿಸಲಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಬಂದಿದ್ದು, ಗ್ರಾಮಸಭೆಗಳಲ್ಲಿ ಕೂತು ಅರ್ಜಿ ಬರೆದದ್ದು, 2011ರ ಆರಂಭದಲ್ಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಗಿ ಎಲ್ಲರಿಗೂ ದಿಗಿಲಾದದ್ದು, ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದು, ಎಲ್ಲಾ ಹೇಳಿದರು. ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಮಕ್ಕಳಿಗೆ ಇಂಥ ವಿಷಯ ಭಾರ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಜೇನು, ಹಾಡು, ಕತೆ ಮಾತ್ರ ಹೇಳಿ ಈ ಭಾಗ ಬಿಟ್ಟರೆ ಸೋಲಿಗರನ್ನು ಅರ್ಧಕ್ಕೆ ಪರಿಚಯ ಮಾಡಿಸಿದಂತೆ. ಸೋಲಿಗರಲ್ಲೇ ಒಬ್ಬರು, ಸಿ. ಮಾದೇಗೌಡ, ಡಾಕ್ಟರೇಟ್ ಮಾಡಿ ಇದೇ ಕಾಡಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದಾರೆ ಅಂತಲೂ ಹೇಳಿದೆ. ನಮ್ಮ ತರಗತಿಯ ಆ ಹುಡುಗಿ ಅವರ ಹೆಸರನ್ನು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಳು.

ವಾಪಸ್ ಬಂದ ಮೇಲೆ ನಮ್ಮೂರಿನ ನಕ್ಷೆ ಬರೆಯೋಣ ಅಂದರು ಮಕ್ಕಳು. ಮಾರಮ್ಮನ ಗುಡಿ, ಕೆರೆ, ತೂಬು, ಗೋಮಾಳ, ಹಳೇ ಗುಂಡುತೋಪು. ಗುಂಡುತೋಪಿನಲ್ಲಿ ಉಳಿದಿರುವುದು ಕೆಲವೇ ಮಾವಿನ ಮರ. ಅವಕ್ಕೂ ಈಗ ಒಂದೊಂದು ಜೋಡಿ ಕಾವಲು. ನಕ್ಷೆಯ ಸುತ್ತ ವರ್ಷದ ಚಕ್ರ ಬರೆದಿದ್ದಾರೆ. ಯಾವ ಮಳೆಗೆ ಅಣ್ಣೆಸೊಪ್ಪು ಏಳುತ್ತದೆ, ಬೆರಕೆಸೊಪ್ಪಿಗೆ ಯಾವ್ಯಾವುದು ಯಾವಾಗ ಸಿಗುತ್ತದೆ, ಮುತ್ತುಗ ಯಾವಾಗ ಕೆಂಪಾಗುತ್ತದೆ, ಹೊಂಗೆ ಯಾವಾಗ ಬೋಳಾಗಿ ಯಾವಾಗ ಚಿಗುರುತ್ತದೆ. ಪಕ್ಕದಲ್ಲೇ ಬೆಟ್ಟದ ಚಕ್ರ. ಅಲ್ಲಿ ಜೇನು, ನೆಲ್ಲಿ, ಹೊಸ ರಾಗಿ ಬಂದಾಗಿನ ರೊಟ್ಟಿ ಹಬ್ಬ.

ಶುರು ಮಾಡಬೇಕು ಅನ್ನುವವರಿಗೆ ನನ್ನ ಸಲಹೆ ಒಂದೇ. ಜೂನ್‌ನಲ್ಲೇ ಮರ ಹಿಡಿಯಿರಿ. ಭೇಟಿಯನ್ನು ಜನವರಿಗೆ ಇಟ್ಟುಕೊಳ್ಳಿ. ನಡುವಿನ ತಿಂಗಳುಗಳನ್ನು ಯಾವ ಕಾರಣಕ್ಕೂ ಕಡಿಮೆ ಮಾಡಬೇಡಿ. ನಿಮ್ಮ ಕಡೆ ಸೋಲಿಗರ ಬದಲು ಜೇನುಕುರುಬರೋ, ಹಾಲಕ್ಕಿ ಒಕ್ಕಲಿಗರೋ, ಕುಣಬಿಗಳೋ, ಸಿದ್ದಿಗಳೋ, ಕೊರಗರೋ ಇರಬಹುದು. ಯಾರನ್ನು, ಯಾವಾಗ, ಹೇಗೆ ಕಾಣಬೇಕು ಅನ್ನುವುದನ್ನು ಅವರೇ ಹೇಳಲಿ.

ಈ ವರ್ಷ ಪೋಡಿನ ಮಕ್ಕಳು ಕೆಳಗೆ ಬರುತ್ತಾರೆ. ಕೆರೆ, ಗದ್ದೆ, ಆಲೆಮನೆ ನೋಡಬೇಕಂತೆ. ಅವರೂ ಮೊದಲೇ ಪ್ರಶ್ನೆ ಬರೆದು ಕಳಿಸಿದ್ದಾರೆ. ಮೊದಲನೆಯದು, "ನಿಮ್ಮ ಕೆರೆಗೆ ನೀರು ಎಲ್ಲಿಂದ ಬರುತ್ತದೆ?" ನಮ್ಮ ಮಕ್ಕಳು ಸುವರ್ಣಾವತಿ ಹೊಳೆ ಅಂತ ತಕ್ಷಣ ಬರೆದರು. ಆಮೇಲೆ ಒಬ್ಬ ಎದ್ದು, ಹೊಳೆಗೆ ಎಲ್ಲಿಂದ ಬರುತ್ತೆ ಅಂತ ಕೇಳಿದ. ಮುಂದಿನ ಶನಿವಾರ ಕಾಲುವೆ ಹಿಡಿದು ಮೇಲಕ್ಕೆ ನಡೆಯುವುದು ಅಂತ ತೀರ್ಮಾನವಾಗಿದೆ.